ಕಾರಿಲ್ಲದ ಆಂಟಿ, ಬರ್ಗಂಡಿಯ ಹಳ್ಳಿಗಳು

ಆಂಟಿ ತೀರಿಕೊಂಡ ಸುದ್ದಿ ನನಗೆ ಬಂದದ್ದು ಕಾರಿನಲ್ಲಿ. ಟೆಕ್ಸಸ್ಸಿನಲ್ಲಿ ಸಾವು, ಮದುವೆ, ಬಸಿರು, ಲೇಆಫ್, ಯಾವ ಸುದ್ದಿಯಾದರೂ ಬರುವುದು ಕಾರಿಗೇ, ಏಕೆಂದರೆ ನಾವು ವಾಸವಿರುವುದು ಅಲ್ಲಿ. ಗರಾಜಿಗೆ ಆಸರೆಯಾಗಿ ಏನಾದರೂ ಇರಲಿ ಎಂದು ಪಕ್ಕದಲ್ಲಿ ಒಂದು ಮನೆಯನ್ನೂ ಕಟ್ಟಿಸಿಕೊಂಡಿರುತ್ತೇವೆ, ಅಷ್ಟೇ. ಡಾಲಸ್ಸಿನ ಹೊರವಲಯದ ಲಾಸ್ ಕೊಲಿನಾಸಿನ ಆಫೀಸಿನಿಂದ ಕ್ಯಾರಲ್ಟನ್ನಿನ ಮನೆಗೆ ಹೊರಟಿದ್ದೆ, ಹೂಸ್ಟನ್ನಿನಿಂದ ಆಂಟಿಯ ಮಗ ಫೋನ್ ಮಾಡಿದ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಹೈವೇಯಿಂದ ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಗ್ಯಾಸ್ ಸ್ಟೇಷನ್ನೊಂದರ ಪಕ್ಕ ನಿಲ್ಲಿಸಿ ಅತ್ತೆ. ಆಮೇಲೆ ಹಾಲು ತೆಗೆದುಕೊಂಡು ಮನೆಗೆ ಹೋದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಡಾಲಸ್ಸಿನ ಅಂಚಿನ ಇರ್ವಿಂಗಿನ ಅರ್ಧ ಕನ್ನಡಿಗರಿಗೆ ಯಾರೆಂದು ತಿಳಿಯಲಿಕ್ಕಿಲ್ಲ. ಅಲ್ಲಿ ಅವರು ಮೂವತ್ತೈದು ವರ್ಷ ಇದ್ದರು, ಆದರೆ ಎಲ್ಲರಿಗೂ ಅವರು ‘ಡ್ರೈವ್ ಮಾಡದ ಆಂಟಿ’. ಕೈಯಿಲ್ಲದವರು, ಕಣ್ಣಿಲ್ಲದವರು ಎನ್ನುವಾಗ ನಮ್ಮ ಜನ ಧ್ವನಿ ತಗ್ಗಿಸುತ್ತಾರಲ್ಲ, ಹಾಗೆಯೇ ತಗ್ಗಿಸಿ ಈ ಮಾತನ್ನೂ ಹೇಳುತ್ತಿದ್ದರು.

ಅವರು ಡ್ರೈವಿಂಗ್ ಕಲಿಯಲು ಯತ್ನಿಸಲಿಲ್ಲ ಎಂದೇನಲ್ಲ. ಅಂಕಲ್ ಹೈವೇ ಇಂಜಿನಿಯರು. ಡಾಲಸ್ಸಿನ ಸುತ್ತ ನಾಲ್ಕು ಅಂತಸ್ತಿಗೆ ಏರಿ ಸುತ್ತಿ ಇಳಿಯುವ ಫ್ಲೈಓವರುಗಳಲ್ಲಿ ಒಂದೆರಡಕ್ಕೆ ಅವರ ಕೈಯೂ ತಗುಲಿತ್ತು. ಅಂಥವರ ಹೆಂಡತಿಗೆ ಕಾರು ಬಾರದಿದ್ದರೆ ಹೇಗೆ ಎಂದು ಅವರೇ ಕಲಿಸಿದರು. ಟೆಸ್ಟಿನ ದಿನ ಆಂಟಿ ನಾಲ್ಕು ದಾರಿ ಕೂಡುವಲ್ಲಿ, ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಜಾಗದಲ್ಲಿ ಕಾರು ನಿಲ್ಲಿಸಿದರು. ಬಲಗಡೆಯವನಿಗೆ ‘ನೀವು ಮೊದಲು ಹೋಗಿ’ ಎಂದು ಕೈಮಾಡಿದರು. ಅವನು ಹೋದ. ಎಡಗಡೆಯವನಿಗೂ ಕೈಮಾಡಿದರು. ಅವನೂ ಹೋದ. ಅಷ್ಟರಲ್ಲಿ ಎದುರಿಗೆ ಇನ್ನೊಬ್ಬ ಬಂದ. ಮನೆಗೆ ಬಂದ ನೆಂಟರನ್ನೆಲ್ಲ ಊಟಕ್ಕೆ ಕೂರಿಸುವ ಗೃಹಿಣಿಯಂತೆ ಊರಿನವರನ್ನೆಲ್ಲ ದಾಟಿಸಿ, ತಾವು ಮಾತ್ರ ಅಲ್ಲೇ ಉಳಿದರು. ಪರೀಕ್ಷಕ ಕಾಗದದ ಮೇಲೆ ಏನೋ ಗೀಚಿ, ಕೆಳಗಿಳಿದು, ತಾನೇ ಓಡಿಸಿಕೊಂಡು ಬಂದನಂತೆ.

“ಮಂದಿಗೆ ಅವಸರ ಇರ್ತದವಾ. ನನಗೇನಿತ್ತು?” ಎನ್ನುತ್ತಿದ್ದರು ಆಂಟಿ. ಧಾರವಾಡದವರು. ನಾನು ಮೈಸೂರಿನವಳು. ನನ್ನ ‘ಹಾಗೆ’ ಅವರಿಗೆ ‘ಹಂಗ’. ಅದರಾಚೆ ನಮಗೆ ತಕರಾರಿರಲಿಲ್ಲ.

ಅಂಕಲ್ ಇರುವವರೆಗೆ ಅಂಕಲ್ ಕರೆದೊಯ್ದರು. ಅವರು ಹೋದಮೇಲೆ ನಾವು ನಾಲ್ಕು ಮನೆಯವರು ಆಂಟಿ ಡ್ಯೂಟಿ ಹಂಚಿಕೊಂಡೆವು. ಶನಿವಾರ ದೇವಸ್ಥಾನ ಒಬ್ಬರಿಗೆ, ದಿನಸಿ ಇನ್ನೊಬ್ಬರಿಗೆ, ಬ್ಯಾಂಕು ಮತ್ತೊಬ್ಬರಿಗೆ, ಡಾಕ್ಟರು, ಹಲ್ಲಿನ ಡಾಕ್ಟರು ನನಗೆ. ಪರೋಪಕಾರ ಎಂದು ನಾವು ಅದನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಆಗಾಗ ನೆನಪಿಸಿಕೊಳ್ಳುತ್ತಿದ್ದೆವು. ಪ್ರತಿಯಾಗಿ ನಮ್ಮ ನಾಲ್ಕೂ ಅಡುಗೆಮನೆಗಳಲ್ಲಿ ಅವರ ಶೇಂಗಾ ಚಟ್ನಿಪುಡಿಯ ಡಬ್ಬಿ ಖಾಲಿಯಾಗುತ್ತಿರಲಿಲ್ಲ ಎಂಬುದನ್ನು ನೆನಪಿಸಿಕೊಂಡ ಜ್ಞಾಪಕ ನನಗಿಲ್ಲ.

ಆಂಟಿ ಲಿಫ್ಟ್ ಒಪ್ಪಿಕೊಳ್ಳುವ ಕ್ರಮವೊಂದಿತ್ತು. ನಾನು ಫೋನ್ ಮಾಡಿ, “ಆಂಟಿ, ಹತ್ತು ಗಂಟೆಗೆ ಬರ್ತೀನಿ,” ಎಂದರೆ, “ಬ್ಯಾಡವಾ, ನಿನಗ ಯಾಕ ತ್ರಾಸು,” ಎನ್ನುವರು. “ತ್ರಾಸೇನಿಲ್ಲ ಆಂಟಿ, ಬರ್ತೀನಿ.” “ಬ್ಯಾಡಬ್ಯಾಡ, ನಾ ಹ್ಯಾಂಗರೇ ಹೋಗ್ತೀನಿ.” ಹ್ಯಾಂಗರೇ ಹೋಗುವುದು ಎಂದರೆ ಹೇಗೆ, ಆರು ಲೇನಿನ ರಸ್ತೆಯಲ್ಲಿ ನಡೆದುಕೊಂಡೇ ಎಂದು ನಾನು ಕೇಳುತ್ತಿರಲಿಲ್ಲ. ಮೂರನೇ ಸಲ ಹೇಳುವಾಗ ನಾನು ಅವರ ಮನೆಯ ಮುಂದೆಯೇ ಇರುತ್ತಿದ್ದೆ. ಅವರು ಬ್ಯಾಗು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಿಗೆ ಬೀಗ ಹಾಕಿ ನಿಂತು ಮೂರನೇ ‘ಬ್ಯಾಡ’ ಹೇಳುತ್ತಿದ್ದರು. ನಾನು ಇದನ್ನು ಪಾರ್ಟಿಗಳಲ್ಲಿ ಅಭಿನಯಿಸಿ ತೋರಿಸುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಮ್ಮೆ ಆಂಟಿಯೂ ಅಲ್ಲಿದ್ದರು, ಅವರೂ ನಕ್ಕರು.

ಕಾರಿನಲ್ಲಿ ಕೂತರೆ ಡಾಲಸ್ಸಿನ ಎಲ್ಲ ರಸ್ತೆಯೂ ಅವರಿಗೆ ಬಾಯಿಪಾಠ. ನನ್ನ ಫೋನಿನಲ್ಲಿ ದಾರಿ ಹೇಳುವ ಹುಡುಗಿ ಬಾಯಿ ಬಿಡುವ ಮೊದಲೇ, “ಎಕ್ಸಿಟ್ ಬಂತು ನೋಡವಾ, ಬಲಕ್ಕ ತಗೋ,” ಎನ್ನುವರು. ನಾನು ಯಾವಾಗಲೂ ಎರಡು ಲೇನ್ ದಾಟಿ ಕೊನೇ ಗಳಿಗೆಯಲ್ಲಿ ತೆಗೆದುಕೊಳ್ಳುತ್ತಿದ್ದೆ. ಇಪ್ಪತ್ತೈದು ವರ್ಷ ಡ್ರೈವ್ ಮಾಡಿದವಳಿಗೆ ಡ್ರೈವ್ ಬಾರದವರು ದಾರಿ ಹೇಳುವುದೇ ಎಂಬ ಗತ್ತು ನನಗೆ.

ಅವರ ಮನೆಯಿಂದ ನಡೆದು ಹೋಗಬಹುದಾದ ಜಾಗ ಒಂದೇ ಒಂದಿತ್ತು, ಪಬ್ಲಿಕ್ ಲೈಬ್ರರಿ. ಅಲ್ಲಿ ಹಿರಿಯರಿಗೆಂದು ಎರಡು ಪುಕ್ಕಟೆ ಕ್ಲಾಸುಗಳಿದ್ದವು: ಟ್ಯಾಕ್ಸ್ ತುಂಬುವುದು ಹೇಗೆ, ಮತ್ತು ಫ್ರೆಂಚ್. ಆಂಟಿ ಫ್ರೆಂಚ್ ಸೇರಿದರು. ಮೂರು ವರ್ಷ ಬಿಡದೆ ಹೋದರು. ಲೈಬ್ರರಿ ಹತ್ತಿರದಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಭಾಷೆ ಕಲಿತ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕಲಿಸುತ್ತಿದ್ದ ಮುದುಕಿ ತನ್ನ ಊರಿನ ಕಥೆ ಹೇಳುತ್ತಿದ್ದಳಂತೆ. ಹಳ್ಳಿಯಿಂದ ಹಳ್ಳಿಗೆ ಬಸ್ಸು, ಊರ ಹೊರಗೆ ಕಾಲುವೆ, ಕಾಲುವೆಯ ದಂಡೆಯ ಮೇಲೆ ನಡೆಯುವವರಿಗೇ ದಾರಿ.

ಆಂಟಿಯ ಮಗ ಹೂಸ್ಟನ್ನಿನಲ್ಲಿ, ಮಗಳು ಆಸ್ಟಿನ್ನಿನಲ್ಲಿ. ಇಬ್ಬರೂ ಒಳ್ಳೆಯವರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ಅವರ ಮಾತನ್ನು ತಳ್ಳಿಹಾಕುವುದು ಸುಲಭವಿತ್ತು. ಅಂಕಲ್ ಹೋಗಿ ಎರಡು ವರ್ಷವಾದಾಗ ಇಬ್ಬರೂ ಇರ್ವಿಂಗಿಗೆ ಬಂದು, ನಾಲ್ಕೂ ಮನೆಯವರನ್ನು ಕರೆದು, ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಮ್ಮನ ಭವಿಷ್ಯ ಚರ್ಚಿಸಿದರು. ಟೆಕ್ಸಸ್ಸಿನಲ್ಲಿ ಡ್ರೈವ್ ಮಾಡದೆ ಒಬ್ಬರೇ ಇರುವುದು ಸಾಧ್ಯವಿಲ್ಲ. ಈ ಮನೆ ಮಾರುವುದು, ಆರು ತಿಂಗಳು ಆಸ್ಟಿನ್, ಆರು ತಿಂಗಳು ಹೂಸ್ಟನ್. ಪಾಳಿಯ ಮೇಲೆ ಹಂಚಿಕೊಳ್ಳುವ ರಜೆಮನೆಯ ಹಾಗೆ, ಅಮ್ಮನಿಗೂ ಟೈಮ್‌ಶೇರ್ ಎಂದು ನಾನು ಪಕ್ಕದವಳ ಕಿವಿಯಲ್ಲಿ ಹೇಳಿದೆ. ಅವಳು ನಗು ತಡೆಯಲಾಗದೆ ನೀರು ಕುಡಿಯಲು ಎದ್ದುಹೋದಳು.

ಆಂಟಿ ಎಲ್ಲವನ್ನೂ ಕೇಳಿಸಿಕೊಂಡು, ಎಲ್ಲರಿಗೂ ಅವಲಕ್ಕಿ ಕೊಟ್ಟು, ಕೂತರು.

“ಗಾಡಿ ಇಲ್ಲದ ನನ್ನ ಕೈಲೆ ಆಗೂದಿಲ್ಲ ಅಂತೀರಿ, ಹೌದಲ್ಲೋ?” ಎಂದರು ಮಗನಿಗೆ. “ಫ್ರಾನ್ಸಿಗೆ ಹೋಗ್ತೀನಿ. ಎರಡು ವಾರ. ಪಟ್ಟಣ ಅಲ್ಲ, ಹಳ್ಳಿಗೋಳು. ಕಾರಿಲ್ಲದ ತಿರಗ್ಯಾಡಿ ಬರ್ತೀನಿ. ಎಲ್ಲೂ ಸಿಕ್ಕಿಬೀಳದ ಬಂದ್ನೆಂದ್ರ ಈ ಮನಿ ನನ್ನದು. ಮತ್ತ ಈ ಮಾತು ತಗೀಬ್ಯಾಡ್ರಿ.”

ಮಗ ಅಂಕಲ್ ಹಾಗೆಯೇ ಇಂಜಿನಿಯರು. ಅವನಿಗೆ ಪ್ರಯೋಗ ಇಷ್ಟವಾಯಿತು. ಆದರೆ ಒಂದು ಷರತ್ತು ಹಾಕಿದ: ಜೊತೆಗೆ ಯಾರಾದರೂ ಹೋಗಬೇಕು, ಸಹಾಯ ಮಾಡುವುದಕ್ಕಲ್ಲ, ನೋಡುವುದಕ್ಕೆ. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ರಜೆ ಉಳಿದಿತ್ತು, ಗಂಡನಿಗೆ ಫ್ರಾನ್ಸ್ ಎಂದರೆ ಆಸಕ್ತಿಯಿರಲಿಲ್ಲ, ಮಕ್ಕಳು ಕಾಲೇಜಿನಲ್ಲಿದ್ದರು. “ಥ್ಯಾಂಕ್ಯೂ ಆಂಟಿ,” ಎಂದ ಆಂಟಿಯ ಮಗ ನನಗೆ. ನನಗಿಂತ ಒಂಬತ್ತು ವರ್ಷ ಚಿಕ್ಕವನು, ತಲೆ ನನ್ನದಕ್ಕಿಂತ ಮೊದಲೇ ಬೆಳ್ಳಗಾಗಿದೆ, ನಾನು ಅವನಿಗೆ ಆಂಟಿ. ಹೀಗೆ ನಾನು ಪರೀಕ್ಷಕಳಾಗಿ ನೇಮಕಗೊಂಡೆ.

ಪ್ಯಾರಿಸ್ಸಿನಿಂದ ದಿಜೋನ್‌ವರೆಗೆ ರೈಲು. ಅದರಲ್ಲಿ ಯಾರ ಹೆಚ್ಚುಗಾರಿಕೆಯೂ ಇಲ್ಲ. ಆಮೇಲೆ ಬರ್ಗಂಡಿ ಸೀಮೆಯ ಹಳ್ಳಿಗಳು ಶುರುವಾದವು. ನಾನು ಫೋನು ಹಿಡಿದು, ಯಾವುದೋ ಆ್ಯಪ್ ಇಳಿಸಿಕೊಂಡು, ಅದಕ್ಕೆ ಪಾಸ್‌ವರ್ಡ್ ಹುಡುಕುತ್ತಿರುವಾಗ ಆಂಟಿ ಬಸ್ ಸ್ಟಾಪಿನ ಕಂಬಕ್ಕೆ ಅಂಟಿಸಿದ್ದ ಹಾಳೆಯನ್ನು ಕನ್ನಡಕ ಏರಿಸಿಕೊಂಡು ಪೂರ್ತಿ ಓದುತ್ತಿದ್ದರು. ಯಾವ ಬಸ್ಸು ಶಾಲೆಯಿರುವ ದಿನ ಮಾತ್ರ, ಯಾವುದು ಸಂತೆಯ ದಿನ ಮಾತ್ರ, ಯಾವುದು ಹಿಂದಿನ ದಿನ ಫೋನ್ ಮಾಡಿ ಹೇಳಿದರೆ ಮಾತ್ರ ಬರುತ್ತದೆ, ಎಲ್ಲ ಅದರಲ್ಲಿ ಬರೆದಿರುತ್ತದೆ. ದಿನವೂ ಮಧ್ಯಾಹ್ನ ಆಂಟಿ ಹೀಗೆ ಕರೆದರೆ ಬರುವ ಮರುದಿನದ ವ್ಯಾನಿಗೆ ಫೋನ್ ಮಾಡುತ್ತಿದ್ದರು. “ಬೊಂಜೂರ್ ರೀ,” ಎಂದು ಶುರುಮಾಡಿ, ನಮ್ಮ ಹೆಸರು, ಊರು, ಎಷ್ಟು ಜನ, ಎಲ್ಲ ಹೇಳಿ, “ಮೆರ್ಸಿ ರೀ,” ಎಂದು ಮುಗಿಸುವರು. ಆ ಕಡೆಯವಳಿಗೆ ಆ ‘ರೀ’ ಯಾವ ದೇಶದ ವ್ಯಾಕರಣವೋ ತಿಳಿಯದೆ ಹೋದರೂ ವ್ಯಾನು ಮಾತ್ರ ಹೇಳಿದ ಗಳಿಗೆಗೆ ಬರುತ್ತಿತ್ತು.

ಇರ್ವಿಂಗಿನಲ್ಲಿ ಮೂರು ಸಲ ‘ಬ್ಯಾಡ’ ಎನ್ನದೆ ಕಾರು ಹತ್ತದ ಹೆಂಗಸು ಅಲ್ಲಿ ಮೊದಲ ದಿನವೇ ಬದಲಾಗಿಬಿಟ್ಟಿದ್ದರು. ದ್ರಾಕ್ಷಿ ತೋಟದ ದಾರಿಯಲ್ಲಿ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ಏನೋ ಕೇಳಿದ. ಆಂಟಿ ಒಂದೇ ಉಸಿರಿಗೆ “ವಿ, ವಿ,” ಎಂದು ಒಪ್ಪಿ ಟ್ರೇಲರಿನ ಮೇಲೆ ಹತ್ತಿ ಕೂತರು. ಎಪ್ಪತ್ತೆರಡು ವರ್ಷ, ಬಿಳಿ ಕ್ಯಾನ್ವಾಸ್ ಶೂ, ಕಾಟನ್ ಚೂಡಿದಾರ್. ನಾನು ಹತ್ತಲಾರದೆ ಒದ್ದಾಡಿದೆ; ಅವನೇ ಇಳಿದು ಬಂದು ನನ್ನನ್ನು ಮೂಟೆ ಏರಿಸಿದಂತೆ ಏರಿಸಿದ.

“ಏನಾಂಟಿ, ಬೇಡ ಅನ್ನಲೇ ಇಲ್ಲ?” ಎಂದು ಚುಡಾಯಿಸಿದೆ.

“ಇಲ್ಲಿ ಮಂದಿ ಒಮ್ಮೆ ಬ್ಯಾಡಂದ್ರ ಬ್ಯಾಡ ಅಂತನ ತಿಳೀತಾರವಾ. ಕ್ಲಾಸಿನ್ಯಾಗ ಹೇಳಿದ್ರು,” ಎಂದರು.

ನಾನು ನಕ್ಕೆ. ಆ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಈ ಲೇಖನದ ಉಳಿದ ಭಾಗ ಬರೆಯಬೇಕಾಗಿರಲಿಲ್ಲ.

ಹನ್ನೆರಡು ದಿನ ಹೀಗೆ ನಡೆಯಿತು. ನನ್ನ ಪಾಡನ್ನು ಹೇಳುವುದೇ ಬೇಡ. ಟೆಕ್ಸಸ್ಸಿನಲ್ಲಿ ನಾನು ಜಿಮ್ಮಿನ ಬಾಗಿಲಿಗೆ ಹತ್ತಿರದ ಪಾರ್ಕಿಂಗ್ ಸಿಗಲೆಂದು ಐದು ನಿಮಿಷ ಸುತ್ತುವವಳು. ಕಾಲುವೆಯ ದಂಡೆಯ ಮೇಲೆ ಮೂರನೇ ದಿನಕ್ಕೇ ಹಿಮ್ಮಡಿಯಲ್ಲಿ ಗುಳ್ಳೆ. ಆಂಟಿ ಮುಂದೆ ನಡೆದು ಹೋಗಿ, ಬೆಂಚಿನ ಮೇಲೆ ಕೂತು, ನಾನು ಬಂದಮೇಲೆ ಎದ್ದು, ನನಗೆ ಕೂರಲು ಜಾಗ ಕೊಟ್ಟು ಮತ್ತೆ ಹೊರಡುವರು. ಒಂದು ಊರಿನಲ್ಲಿ ಲಾಂಡ್ರಿಯವಳೊಂದಿಗೆ ಮಂಡಿನೋವಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಇನ್ನೊಂದು ಊರಿನಲ್ಲಿ ಚರ್ಚಿನ ಮುದುಕ ನಮಗಾಗಿಯೇ ಬೀಗ ತೆಗೆದು ಒಳಗೆ ಬಿಟ್ಟ. ಅವರು ನಗುವುದನ್ನು ನಾನು ಇರ್ವಿಂಗಿನಲ್ಲಿ ನೋಡಿರಲಿಲ್ಲವೆಂದಲ್ಲ. ಅಲ್ಲಿ ಅವರು ನಮಗೆ ಕೃತಜ್ಞತೆ ಹೇಳುವಂತೆ ನಗುತ್ತಿದ್ದರು. ಇಲ್ಲಿ ಯಾರ ಹಂಗೂ ಇಲ್ಲದೆ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಕೊನೆಗೆ ಬಂದದ್ದು ಬೆಟ್ಟದ ಮೇಲಿನ ಒಂದು ಸಣ್ಣ ಹಳ್ಳಿ. ಅಲ್ಲಿಂದ ಶನಿವಾರ ಹೊರಡಬೇಕು, ಶನಿವಾರ ಬಸ್ಸೂ ಇಲ್ಲ, ವ್ಯಾನೂ ಇಲ್ಲ. ಆಂಟಿಗೆ ಇದು ನಾಲ್ಕು ದಿನ ಮೊದಲೇ ಗೊತ್ತಿತ್ತು. ಬೆಳಿಗ್ಗೆ ಚೌಕದಲ್ಲಿ ಸಂತೆ ಇತ್ತು. ಆಂಟಿ ಹೋಗಿ ಚೀಸ್ ಮಾರುವವನೊಬ್ಬನ ಹತ್ತಿರ ಮಾತಾಡಿ ಬಂದರು.

“ಹನ್ನೆರಡೂವರೆಗೆ ಸಂತಿ ಮುಗೀತದ. ಒಬ್ಬರು ಬಂದು ಸ್ಟೇಷನ್ನಿಗೆ ಕರಕೊಂಡು ಹೋಗ್ತಾರ. ನೀ ಸಾಮಾನು ನೋಡಕೋತ ಇಲ್ಲೇ ಕೂಡು, ನಾ ದಾರಿಗೆ ಬ್ರೆಡ್ ತರ್ತೀನಿ,” ಎಂದು ಹೇಳಿ ಹೋದರು.

ಟ್ಯಾಕ್ಸಿ ಹೇಳಿದ್ದಾರೆ ಎಂದುಕೊಂಡೆ. ನಮ್ಮ ಪಾಲಿಗೆ ಕರೆದೊಯ್ಯುವವರು ಎಂದರೆ ಟ್ಯಾಕ್ಸಿ ತಾನೆ. ಚೌಕ ಖಾಲಿಯಾಗುತ್ತಿತ್ತು, ಬಿಸಿಲು ಜೋರಾಗಿತ್ತು, ನಾನು ಎರಡು ಸೂಟ್‌ಕೇಸಿನ ನಡುವೆ ಕೂತಿದ್ದೆ. ಒಂದು ಹಳೇ ವ್ಯಾನು ಬಂದು ನಿಂತಿತು. ಮೀಸೆಯವನೊಬ್ಬ ತಲೆ ಹೊರಹಾಕಿ, “ಸ್ಟೇಷನ್?” ಎಂದು ಕೇಳಿ, ಹಿಂದಿನ ಬಾಗಿಲು ತೋರಿಸಿದ.

ಈಗ ನಾನು ಮಾಡಿದ್ದನ್ನು ಸರಿಯಾಗಿ ಬರೆಯಬೇಕು. ನನಗೆ ಆ ವ್ಯಾನಿನಲ್ಲಿ ಹೋಗುವ ಆಸೆಯಿತ್ತು. ಟ್ಯಾಕ್ಸಿ ಬರುವುದೋ ಇಲ್ಲವೋ, ಯಾರೋ ಪುಣ್ಯಾತ್ಮ ತಾನಾಗಿ ಕೇಳುತ್ತಿದ್ದಾನೆ ಎಂದು ಸಂತೋಷವೂ ಆಯಿತು. ಆ ಸಂತೋಷದಲ್ಲೇ, ಮೈಸೂರಿನಲ್ಲಿ ನಮ್ಮಮ್ಮ ಪರರ ಮನೆಯಲ್ಲಿ ಕಾಫಿ ಬೇಡ ಎನ್ನುವಾಗ ನಗುತ್ತಿದ್ದ ನಗೆಯನ್ನೇ ನಕ್ಕು, “ನೋ ನೋ, ಪ್ಲೀಸ್, ನಿಮಗೆ ಸುಮ್ಮನೆ ತೊಂದರೆ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಇನ್ನೊಮ್ಮೆ ಕೇಳುತ್ತಾನೆ, ಆಗ ‘ಅಯ್ಯೋ’ ಎನ್ನಬೇಕು, ಮೂರನೇ ಸಲಕ್ಕೆ ಎದ್ದು ಸೂಟ್‌ಕೇಸ್ ಎತ್ತಬೇಕು ಎಂದು ಮನಸ್ಸಿನಲ್ಲಿ ಸಿದ್ಧವಾಗಿಯೇ ಇದ್ದೆ.

ಅವನು ನನ್ನನ್ನು ನೋಡಿದ. “ನೋ?” ಎಂದ. ನಾನು ಇನ್ನಷ್ಟು ನಕ್ಕು ತಲೆಯಲ್ಲಾಡಿಸಿದೆ. ಅವನು ಹೆಗಲು ಕುಣಿಸಿ, ಕೈ ಎತ್ತಿ, ಊಟಕ್ಕೆ ಹೊರಟುಹೋದ.

ಆಂಟಿ ಬ್ರೆಡ್ ಹಿಡಿದುಕೊಂಡು ಬಂದರು. “ಚೀಸಿನಾಂವ ಬಂದಿದ್ನೇನು?”

ನಾನು ಹೇಳಿದೆ. “ಒಮ್ಮೆ ಬ್ಯಾಡಂದ್ಯಾ, ಎರಡು ಸಲಾನಾ?” ಎಂದು ಕೇಳಿದರು.

“ಎರಡು.”

ಆಮೇಲೆ ಅವರು ನಕ್ಕದ್ದನ್ನು ನೋಡಬೇಕಿತ್ತು. ಸೂಟ್‌ಕೇಸಿನ ಮೇಲೆ ಕೂತು, ಬ್ರೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಷ್ಟು ವರ್ಷ ಪಾರ್ಟಿಗಳಲ್ಲಿ ನಾನು ಮಾಡಿ ತೋರಿಸಿದ್ದನ್ನು ಅವರು ಒಂದು ಮಾತಿನಲ್ಲಿ ತಿರುಗಿಸಿ ಹೇಳಬಹುದಿತ್ತು. ಹೇಳಲಿಲ್ಲ. “ಇರಲಿ ಬಿಡವಾ, ನೋಡೂಣಂತ,” ಎಂದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮೇಲಲ್ಲ; ಆದರೆ ಹಾಗೆ ಉರಿಯುವಾಗ ಯಾರ ಮೇಲಾದರೂ ಹಾಕಬೇಕಲ್ಲ. ಅವರು ಕಣ್ಣೊರೆಸಿಕೊಳ್ಳುತ್ತ ಕೂತಿದ್ದಾಗ ಒಂದು ಫೋಟೋ ತೆಗೆದೆ. ಖಾಲಿ ಚೌಕ, ಎರಡು ಸೂಟ್‌ಕೇಸು, ಒಬ್ಬ ಮುದುಕಿ, ಕಣ್ಣ ಮೇಲೆ ಸೆರಗಿನಂತೆ ದುಪ್ಪಟ್ಟಾ. ಆಂಟಿಯ ಮಕ್ಕಳಿದ್ದ ವಾಟ್ಸಾಪ್ ಗ್ರೂಪಿಗೆ ಹಾಕಿ ಕೆಳಗೆ ಬರೆದೆ: ‘ಸ್ಟ್ರ್ಯಾಂಡೆಡ್, ಸಿಕ್ಕಿಬಿದ್ದಿದ್ದೇವೆ. ಬಸ್ ಇಲ್ಲ, ಕರೆದೊಯ್ಯುವವರು ಯಾರೂ ಇಲ್ಲ.’ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಟೆಕ್ಸಸ್ಸಿನಲ್ಲಿ ಆಗ ಬೆಳಗಿನ ಆರು ಗಂಟೆ. ಇಬ್ಬರೂ ಎದ್ದು ಮೊದಲು ನೋಡಿದ್ದು ಅಮ್ಮ ಪರದೇಶದಲ್ಲಿ ಅಳುತ್ತಿರುವುದನ್ನು.

ನಾನು ಹೀಗೆ ವರದಿಗಾರಿಕೆಯಲ್ಲಿ ತೊಡಗಿದ್ದಾಗ ಆಂಟಿ ಎದ್ದುಹೋಗಿ, ಬಟ್ಟೆ ಒಣಹಾಕಿದ್ದ ಒಂದು ಮನೆಯ ಬಾಗಿಲು ತಟ್ಟಿದರು. ಹದಿನೈದು ನಿಮಿಷ ಬಿಟ್ಟು ಒಂದು ತಟ್ಟೆ ಪ್ಲಮ್ ಹಣ್ಣು ಹಿಡಿದುಕೊಂಡು ಬಂದರು. “ಮೂರು ಗಂಟೆಕ್ಕ ಆಕಿ ಮಗಳು ಸ್ಟೇಷನ್ ಕಡೆ ಹೊಂಟಾಳಂತ. ಬರ್ರಿ ಅಂದ್ಳು. ನಾ ಒಂದ ಸಲಕ್ಕ ಹೂಂ ಅಂದೆ.” ಮೂರಕ್ಕೆ ಮಗಳು ಬಂದಳು, ನಾಲ್ಕರ ರೈಲು ಸಿಕ್ಕಿತು, ಬೆಳಕಿರುವಾಗಲೇ ದಿಜೋನ್ ಸೇರಿ ಹೋಟೆಲಿನ ಎದುರು ಸೂಪು ಕುಡಿದೆವು. ಒಟ್ಟು ನಷ್ಟವೆಂದರೆ ಎರಡೂವರೆ ಗಂಟೆ, ಮತ್ತು ಅದು ಪೂರ್ತಿ ನನ್ನ ಹೆಸರಿನದು.

ಗ್ರೂಪಿನಲ್ಲಿ ಮಾತ್ರ ಆಸ್ಟಿನ್ನೂ ಹೂಸ್ಟನ್ನೂ ಪೈಪೋಟಿಯ ಮೇಲೆ ಗಾಬರಿಯಾಗಿದ್ದವು. ‘ಆಲ್ ಗುಡ್, ರೈಲು ಸಿಕ್ಕಿತು,’ ಎಂದು ಬರೆದೆ. ಹೇಗೆ ಸಿಕ್ಕಿಹಾಕಿಕೊಂಡೆವು, ಯಾರಿಂದ, ಎಂದು ಬರೆಯಲಿಲ್ಲ. ಊರಿಗೆ ಹೋಗಿ ಎದುರಿಗೇ ಹೇಳಿದರಾಯಿತು, ಎಲ್ಲರೂ ನಗಬಹುದು ಎಂದುಕೊಂಡೆ.

ಡಾಲಸ್ ಏರ್‌ಪೋರ್ಟಿಗೆ ಮಗ ಹೂಸ್ಟನ್ನಿನಿಂದ ನಾಲ್ಕು ಗಂಟೆ ಓಡಿಸಿಕೊಂಡು ಬಂದಿದ್ದ. ಆಂಟಿ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಅಮ್ಮನಿಗೆ ಒಳ್ಳೇ ಟ್ರಿಪ್ ಆಯಿತಲ್ಲ ಎಂದು ಸಂತೋಷಪಟ್ಟ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದ: “ಆಂಟಿ, ಬಿ ಆನೆಸ್ಟ್. ಅವತ್ತು ನೀವಿಲ್ಲದೆ ಅಮ್ಮ ಒಬ್ಬಳೇ ಇದ್ದಿದ್ದರೆ ಮ್ಯಾನೇಜ್ ಮಾಡುತ್ತಿದ್ದಳಾ?”

ನಾನಿಲ್ಲದಿದ್ದರೆ ಅವರು ಹನ್ನೆರಡೂವರೆಗೇ ವ್ಯಾನು ಹತ್ತಿ, ಚೀಸಿನವನ ಸಂಸಾರದ ಕಥೆಯನ್ನೆಲ್ಲ ಕೇಳಿಕೊಂಡು, ಸ್ಟೇಷನ್ನಿನಲ್ಲಿ ಬ್ರೆಡ್ ತಿನ್ನುತ್ತಿದ್ದರು. ಉತ್ತರ ಅಷ್ಟೇ ಇತ್ತು. ಆದರೆ ಅದನ್ನು ಹೇಳಬೇಕಾದರೆ ಇಪ್ಪತ್ತೈದು ವರ್ಷದ ಅಮೆರಿಕದ ನಂತರವೂ, ಮ್ಯಾನೇಜರ್ ಪದವಿಯ ನಂತರವೂ, ನನ್ನ ಬಾಯಿಂದ ಬಂದದ್ದು ‘ಬೇಡ ಬೇಡ’ ಎಂದು ಒಪ್ಪಿಕೊಳ್ಳಬೇಕಿತ್ತು. ನನ್ನನ್ನು ಆಂಟಿ ಎಂದು ಕರೆಯುವ ಈ ನರೆತ ತಲೆಯವನ ಮುಂದೆ. ಮರುದಿನ ಇಡೀ ಕ್ಯಾರಲ್ಟನ್ನಿಗೆ ಗೊತ್ತಾಗುತ್ತಿತ್ತು. ಪಾರ್ಟಿಯಲ್ಲಿ ಅಭಿನಯಿಸಿ ತೋರಿಸಲು ನನ್ನಂಥವರು ಇನ್ನೂ ಇದ್ದಾರೆ.

“ಸ್ವಲ್ಪ ಕಷ್ಟ ಆಗ್ತಿತ್ತೇನೋ,” ಎಂದೆ.

ಆಂಟಿ ಹಿಂದೆ ತಿರುಗಿ ನೋಡಲಿಲ್ಲ. “ಎಕ್ಸಿಟ್ ಬಂತಪಾ,” ಎಂದರು ಮಗನಿಗೆ.

ಎಂಟು ತಿಂಗಳಲ್ಲಿ ಮನೆ ಮಾರಾಟವಾಯಿತು. ಆ ಎಂಟು ತಿಂಗಳು ನಾನು ಅವರನ್ನು ಎಂದಿನಂತೆ ಡಾಕ್ಟರ ಹತ್ತಿರ ಕರೆದೊಯ್ದೆ. ಹೇಳುವ ಅವಕಾಶ ಇರಲಿಲ್ಲ ಎನ್ನಲಾರೆ. ವಾರಕ್ಕೊಂದು ಅವಕಾಶ ನನ್ನ ಪಕ್ಕದ ಸೀಟಿನಲ್ಲೇ ಬೆಲ್ಟ್ ಕಟ್ಟಿಕೊಂಡು ಕೂತಿರುತ್ತಿತ್ತು. ಮಕ್ಕಳು ಹೇಗೂ ನಿರ್ಧರಿಸಿಬಿಟ್ಟಿದ್ದಾರೆ, ನಾನು ಹೇಳಿ ಏನು ಬದಲಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದರಲ್ಲಿ ನಾನು ಗಟ್ಟಿಗಿತ್ತಿ.

ಆಸ್ಟಿನ್ನಿನಲ್ಲಿ ಮಗಳ ಮನೆ ಗುಡ್ಡದ ಮೇಲೆ, ನೋಟ ಚೆನ್ನಾಗಿತ್ತಂತೆ. ನೋಟ ಬಿಟ್ಟು ನಡೆದು ಹೋಗುವ ದೂರದಲ್ಲಿ ಇನ್ನೇನೂ ಇರಲಿಲ್ಲ. ಹೂಸ್ಟನ್ನಿನಲ್ಲಿ ಮಗನ ಬಡಾವಣೆಯಲ್ಲಿ ಕಾಲುದಾರಿಯಿಲ್ಲ. ಆಂಟಿ ಒಂದು ಬೆಳಿಗ್ಗೆ ರಸ್ತೆಯ ಅಂಚಿನಲ್ಲಿ ನಡೆದುಹೋದಾಗ, ‘ಯಾರೋ ವಯಸ್ಸಾದ ಹೆಂಗಸು ದಾರಿ ತಪ್ಪಿದ್ದಾರೆ, ಯಾರ ಮನೆಯವರು?’ ಎಂದು ನೆರೆಯವರು ಬಡಾವಣೆಯ ಗ್ರೂಪಿನಲ್ಲಿ ಫೋಟೋ ಹಾಕಿದರು. ಸೊಸೆಗೆ ಅವಮಾನವಾಯಿತು. ಅಂದಿನಿಂದ ಆಂಟಿ ಹಿತ್ತಲಿನ ಬೇಲಿಯೊಳಗೇ ನಡೆಯತೊಡಗಿದರು.

ಕೊನೆಯ ಸಲ ಅವರನ್ನು ನೋಡಿದ್ದು ಹೂಸ್ಟನ್ನಿನಲ್ಲೇ. ಆಫೀಸಿನ ಕೆಲಸದ ಮೇಲೆ ಹೋಗಿದ್ದವಳು ಒಂದು ಗಂಟೆ ಬಿಡುವು ಮಾಡಿಕೊಂಡು ಅವರಲ್ಲಿಗೆ ಹೋದೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ತೂಕ ಇಳಿದಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಒಂದು ಕಟ್ಟು ಎಳೆದುಕೊಂಡು ಬಿಡಿಸುತ್ತಾ, ಅವರ ಮುಖ ನೋಡದೆ ಹೇಳಿದೆ. ಫೋಟೋ ಕಳಿಸಿದ್ದು, ಚೀಸಿನವನ ಮಾತು ಮುಚ್ಚಿಟ್ಟಿದ್ದು, ಕಾರಿನಲ್ಲಿ ಹಾಗೆಂದದ್ದು. ಕ್ಷಮಿಸಿ ಆಂಟಿ ಎಂದೆ.

“ಗೊತ್ತಿತ್ತವಾ,” ಎಂದರು. “ಅಂವ ನನಗ ಫೋಟೋ ನಾವು ಊರಿಗೆ ಬಂದ ದಿನಾನ ತೋರಿಸ್ಯಾನ.”

“ಮತ್ತೆ ನೀವ್ಯಾಕೆ ಹೇಳಲಿಲ್ಲ ಅವನಿಗೆ, ತಪ್ಪು ನಂದು ಅಂತ?”

“ನಾ ಹೇಳಿದ್ರ, ಮನಿ ಸಲುವಾಗಿ ಅಮ್ಮ ಸುಳ್ಳು ಹೇಳ್ತಾಳ ಅಂತಿದ್ರು. ನೀ ಹೇಳಿದ್ರ ನಂಬತಿದ್ರು.” ದಂಟುಗಳನ್ನು ಒಂದು ಕಡೆ ಒಟ್ಟುಮಾಡಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. “ನೀ ಹೇಳ್ತಿ ಅಂತ ಕಾದೆ.”

“ಎಷ್ಟು ದಿನ ಆಂಟಿ?”

“ಸಾಮಾನು ಕಟ್ಟಿದ ದಿನದ ತನಾನೂ ಕಾದೆ.”

ಸಾಮಾನು ಕಟ್ಟಿದ ದಿನ ಇರ್ವಿಂಗಿನ ಆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಬೆಳಗಿನಿಂದ ಸಂಜೆಯವರೆಗೆ ನಾನು ನೆಲದ ಮೇಲೆ ಕೂತು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಬಾಕ್ಸಿಗೆ ತುಂಬಿದ್ದೆ. ಆಂಟಿ ಪಕ್ಕದಲ್ಲೇ ನಿಂತು, ಒಂದೊಂದು ಪಾತ್ರೆಯನ್ನೂ ಒರೆಸಿ ನನ್ನ ಕೈಗೆ ಕೊಡುತ್ತಿದ್ದರು, ಪ್ರತಿ ಸಲವೂ ಒಂದು ಗಳಿಗೆ ನನ್ನ ಮುಖ ನೋಡಿ.